ಮೂವತ್ನಾಲ್ಕಕ್ಕೆ ಲಾ ಓದಬಹುದಾ, ಮೇಡಂ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕೆಲವು ಒಂದೇ ವಿಷಯದ ಸುತ್ತ ಇವೆ. ನಟನೆ ಬಿಟ್ಟು ವಕೀಲಿಕೆಗೆ ಬರುವ ಹೆಣ್ಣುಮಕ್ಕಳ ವಿಷಯ. ಹಾಗಾಗಿ ಜಮೀನು, ಬಾಡಿಗೆ, ಜೀವನಾಂಶದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಕೇಳಿದ ಸಂಗತಿ ಅಷ್ಟು ದೊಡ್ಡದು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಧಾರಾವಾಹಿ, ಸಿನಿಮಾಗಳಲ್ಲಿ ಪೋಷಕ ಪಾತ್ರ ಮಾಡುತ್ತೇನೆ. ನಾಯಕಿಯ ಅಕ್ಕ, ಅತ್ತಿಗೆ, ಈಗೀಗ ಚಿಕ್ಕಮ್ಮ. ವಯಸ್ಸು 34. ಬಿ.ಎ. ಆಗಿದೆ. ಹೋದ ವರ್ಷ ಒಂದು ಧಾರಾವಾಹಿಯಲ್ಲಿ ನನ್ನ ಪಾತ್ರವನ್ನು ಇದ್ದಕ್ಕಿದ್ದ ಹಾಗೆ ಸಾಯಿಸಿಬಿಟ್ಟರು. ಬಾಕಿ ಪೇಮೆಂಟ್ ಇನ್ನೂ ಬಂದಿಲ್ಲ. ವಕೀಲರ ಹತ್ತಿರ ಹೋದರೆ ‘ಅಗ್ರಿಮೆಂಟ್ ಎಲ್ಲಿ’ ಅಂದರು. ನನ್ನ ಹತ್ತಿರ ಕಾಪಿಯೇ ಇರಲಿಲ್ಲ. ಕಾಡಿ ಬೇಡಿ ತರಿಸಿಕೊಂಡು ಓದಿದೆ. ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಅವತ್ತಿನಿಂದ ಎಲ್‌ಎಲ್‌ಬಿ ಮಾಡಬೇಕು ಅನ್ನೋದು ತಲೆಯಲ್ಲಿ ಕೂತಿದೆ. ಅಮ್ಮ ‘ಈ ವಯಸ್ಸಿಗೆ ಯಾಕೆ ಬೇಕಿತ್ತು, ನಾಲ್ಕು ಜನ ನಗ್ತಾರೆ’ ಅಂತಾರೆ. ಇದಕ್ಕೆ ವಯಸ್ಸಿನ ಮಿತಿ ಇದೆಯಾ? ನಾಳೆ ಕೋರ್ಟಿನಲ್ಲಿ ನನ್ನ ಮಾತಿಗೆ ಬೆಲೆ ಇರುತ್ತಾ?
(ಹೆಸರು ಬೇಡ, ಬೆಂಗಳೂರು)

ಉತ್ತರ: ಮೊದಲು ನಿಮ್ಮ ಬಾಕಿ ದುಡ್ಡಿನ ಮಾತು. ಓದಿನ ಯೋಚನೆಯಲ್ಲಿ ಅದನ್ನು ಮರೆಯಬೇಡಿ. ಇಂಥ ಬಾಕಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಗಡುವು ಇರುತ್ತದೆ. ‘ಇವತ್ತು ಕೊಡ್ತೀವಿ, ನಾಳೆ ಕೊಡ್ತೀವಿ’ ಅಂತ ಫೋನಿನಲ್ಲಿ ಹೇಳುತ್ತಾ ಹೋದರೆ ಗಡುವು ನಿಮಗಾಗಿ ಕಾಯುವುದಿಲ್ಲ. ಯಾವ್ಯಾವ ದಿನ ಕಾಲ್‌ಶೀಟ್ ಇತ್ತು, ಎಷ್ಟು ದಿನ ಕೆಲಸ ಮಾಡಿದಿರಿ, ಎಷ್ಟು ಬಂತು, ಎಷ್ಟು ನಿಂತಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮ್ಯಾನೇಜರ್ ಕಳಿಸಿದ ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಿ. ವಕೀಲರ ಮೂಲಕ ನೋಟಿಸ್ ಕೊಡಿಸಿ. ಎಷ್ಟೋ ಬಾಕಿ ಅಲ್ಲಿಗೇ ಚುಕ್ತಾ ಆಗುತ್ತದೆ.

ಈಗ ಆ ಅಗ್ರಿಮೆಂಟ್. ನಿಮ್ಮ ನಿದ್ದೆ ಕೆಡಿಸಿದ ಸಾಲುಗಳು ಯಾವುವು ಎಂದು ನಾನು ಊಹಿಸಬಲ್ಲೆ. ಇಂಥ ಕಾಗದಗಳು ನನ್ನ ಮೇಜಿಗೂ ಬರುತ್ತವೆ. ಎಂಟು ಹತ್ತು ಪುಟ, ಸಣ್ಣ ಅಕ್ಷರ, ಇಂಗ್ಲಿಷು. ಕಲಾವಿದೆಯ ಕೆಲಸದ ಮೇಲಿನ ಎಲ್ಲ ಹಕ್ಕು, ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಇಡೀ ಜಗತ್ತಿನಲ್ಲಿ, ಶಾಶ್ವತವಾಗಿ ನಿರ್ಮಾಪಕರದು ಎಂದು ಒಂದು ಪ್ಯಾರಾ. ಕಾರಣ ಹೇಳದೆ ಯಾವಾಗ ಬೇಕಾದರೂ ಕೈಬಿಡಬಹುದು ಎಂದು ಇನ್ನೊಂದು. ಕಲಾವಿದೆ ತಾನಾಗಿ ಬಿಟ್ಟರೆ ಮಾತ್ರ ನಷ್ಟ ಕಟ್ಟಿಕೊಡಬೇಕು ಎಂದು ಮತ್ತೊಂದು. ಕೊನೆಗೆ, ತಗಾದೆ ಬಂದರೆ ಬೇರೆ ಯಾವುದೋ ಊರಿನಲ್ಲಿ ಮಧ್ಯಸ್ಥಿಕೆ. ಮೇಕಪ್ ಮಾಡಿಸಿಕೊಳ್ಳುತ್ತಾ ಕೂತಾಗ ‘ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ ಮೇಡಂ’ ಅಂತ ಪುಟ ತಿರುಗಿಸುತ್ತಾ ಹೋಗುತ್ತಾರೆ. ಹಾಗೇ ಅಲ್ವಾ?

ಇಲ್ಲಿ ನೀವು ತಿಳಿಯಬೇಕಾದ ಒಂದು ಸಂಗತಿ ಇದೆ. ಕೃತಿಸ್ವಾಮ್ಯ ಕಾಯ್ದೆ 1957ರದ್ದು. 2012ರಲ್ಲಿ ಅದಕ್ಕೆ ತಿದ್ದುಪಡಿ ಬಂತು. 38ಎ ಕಲಂ ಪ್ರಕಾರ, ಸಿನಿಮಾದಲ್ಲಿ ನಟಿಸಲು ನೀವು ಬರಹದಲ್ಲಿ ಒಪ್ಪಿದ ಮೇಲೆ ನಿರ್ಮಾಪಕರು ಆ ಅಭಿನಯವನ್ನು ಬಳಸುವುದಕ್ಕೆ ತಕರಾರು ಎತ್ತಲಾಗದು. ಆದರೆ ಅದೇ ಕಲಂನಲ್ಲಿ, ಅಭಿನಯವನ್ನು ವ್ಯಾಪಾರಕ್ಕೆ ಬಳಸಿದಾಗ ಕಲಾವಿದರಿಗೆ ರಾಯಲ್ಟಿ ಸಲ್ಲಬೇಕು ಎಂದೂ ಇದೆ. 38ಬಿ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈ ಅಭಿನಯ ನನ್ನದು ಎಂದು ಹೇಳಿಕೊಳ್ಳುವ ಹಕ್ಕು, ಹೆಸರು ಕೆಡುವಂತೆ ಅದನ್ನು ತಿರುಚಿದರೆ ಪ್ರಶ್ನಿಸುವ ಹಕ್ಕು ಕಲಾವಿದರದೇ. ಇನ್ನೊಂದು ಸೂಕ್ಷ್ಮ ನೋಡಿ. ಸಿನಿಮಾದಲ್ಲಿ ಸುಮ್ನೆ ಬಂದು ಹೋಗುವ, ಟೈಟಲ್ ಕಾರ್ಡಿನಲ್ಲಿ ಎಲ್ಲೂ ಹೆಸರಿಲ್ಲದ ಕಲಾವಿದರಿಗೆ ಈ ಕಾಯ್ದೆಯ ಹೆಚ್ಚಿನ ಹಕ್ಕುಗಳು ಸಿಗುವುದಿಲ್ಲ. ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿ ಅಂತ ಪೋಷಕ ನಟಿ ಕೇಳಿದರೆ ‘ಹೆಸರಿನ ಹುಚ್ಚು’ ಅಂತ ಯೂನಿಟ್ಟಿನಲ್ಲಿ ಆಡಿಕೊಳ್ಳುತ್ತಾರೆ. ಅದು ಹುಚ್ಚಲ್ಲ, ಆಸ್ತಿಯ ಪ್ರಶ್ನೆ. ಇದನ್ನೆಲ್ಲ ಬಲ್ಲ ಎಷ್ಟು ಜನ ವಕೀಲರು ಶೂಟಿಂಗ್ ಮನೆಯ ಒಳಗೆ ಕಾಲಿಟ್ಟಿರುತ್ತಾರೆ? ನೀವು ಓದಿ ಬಂದರೆ ನಿಮಗೆ ಎರಡೂ ಗೊತ್ತಿರುತ್ತದೆ. ನಾನು ಜೋರಾಗಿ ‘ಓದಿ’ ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ವಯಸ್ಸಿಗೆ ಬರೋಣ. ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಲು 30 ವರ್ಷದ ಮಿತಿ ಹಾಕುವ ಪ್ರಯತ್ನ ನಡೆದದ್ದು ನಿಜ. 2016ರಲ್ಲಿ ಭಾರತೀಯ ವಕೀಲರ ಪರಿಷತ್ತು ಆ ಬಗ್ಗೆ ಸುತ್ತೋಲೆ ಹೊರಡಿಸಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದಕ್ಕೂ ಹಿಂದೆ, 45 ದಾಟಿದವರಿಗೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಕೊಡುವುದಿಲ್ಲ ಎಂಬ ನಿಯಮವೇ ಇತ್ತು. ಅದನ್ನು 1995ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಇವತ್ತು ಸಂಜೆ ಮಗನ ಹೋಂವರ್ಕ್ ಮಾಡಿಸಿ, ಆಮೇಲೆ ತಮ್ಮ ಓದಿಗೆ ಕೂರುವ ವಿದ್ಯಾರ್ಥಿನಿಯರು ನಮ್ಮ ಕಾಲೇಜುಗಳಲ್ಲಿ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿ ಬಂದವರೂ ಇದ್ದಾರೆ. ಪದವಿಯಲ್ಲಿ ನಿಮಗೆ ಶೇ. 45 ಅಂಕ ಇದ್ದರೆ ಸಾಕು. ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40.

ನಿಮ್ಮ ಅಮ್ಮನಿಗೆ ಹೇಳಲು ಒಬ್ಬರ ಕತೆ ಕೊಡುತ್ತೇನೆ. ಅಮೆರಿಕದ ಶೀಲಾ ಕ್ಯೂಲ್. 1941ರಲ್ಲಿ ಹುಟ್ಟಿದವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಟೀವಿಗೆ ಬಂದರು. ಶೀಲಾ ಜೇಮ್ಸ್ ಅನ್ನೋದು ತೆರೆಯ ಮೇಲಿನ ಹೆಸರು. 1959ರಿಂದ 1963ರವರೆಗೆ ಬಂದ ಒಂದು ಹಾಸ್ಯ ಧಾರಾವಾಹಿಯಲ್ಲಿ ಝೆಲ್ಡಾ ಎಂಬ ಹುಡುಗಿಯ ಪಾತ್ರ ಮಾಡಿದರು. ನಾಯಕನಿಗಿಂತ ಬುದ್ಧಿವಂತೆ, ಮಾತಿನ ಮಲ್ಲಿ. ಜನಕ್ಕೆ ಎಷ್ಟು ಇಷ್ಟವಾಯಿತೆಂದರೆ ಝೆಲ್ಡಾಳ ಹೆಸರಿನಲ್ಲೇ ಬೇರೆ ಧಾರಾವಾಹಿ ಮಾಡೋಣ ಎಂದು ಮೊದಲ ಕಂತನ್ನು ಶೂಟ್ ಮಾಡಿದರು. ಅದು ಅಲ್ಲಿಗೇ ನಿಂತಿತು. ಈಕೆ ಹುಡುಗಿಯ ಹಾಗೆ ಕಾಣಿಸುತ್ತಿಲ್ಲ, ಗಂಡುಬೀರಿಯ ಹಾಗಿದ್ದಾಳೆ ಎಂದು ಚಾನೆಲ್ಲಿನ ಮೇಲಿನವರಿಗೆ ಅನ್ನಿಸಿತಂತೆ. ಇದನ್ನು ಅವರೇ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಾತ್ರಗಳು ಕಡಿಮೆಯಾದವು. ಅವರು ತಾವು ಓದಿದ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು.

1975ರಲ್ಲಿ ಹಾರ್ವರ್ಡ್ ಲಾ ಸ್ಕೂಲಿಗೆ ಸೇರಿದಾಗ ಅವರ ವಯಸ್ಸು ಎಷ್ಟು ಗೊತ್ತಾ? 34. ನಿಮ್ಮದೇ ವಯಸ್ಸು. 1978ರಲ್ಲಿ ಪದವಿ ಮುಗಿಸಿದರು. ಅಲ್ಲಿನ ಹೆಸರಾಂತ ಅಣಕು ನ್ಯಾಯಾಲಯ ಸ್ಪರ್ಧೆ ಗೆದ್ದ ಎರಡನೆಯ ಮಹಿಳೆ ಅವರು. ಆಮೇಲೆ ವಕೀಲಿಕೆ, ಕಾನೂನು ಪಾಠ. ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಂಗಸರ ಪರವಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಮಹಿಳೆಯರಿಗಾಗಿ ಒಂದು ಕಾನೂನು ಕೇಂದ್ರ ಕಟ್ಟುವುದಕ್ಕೆ ಜೊತೆಯಾದರು. 1994ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಆರಿಸಿ ಬಂದರು. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡು ಆ ಸಭೆಗೆ ಬಂದ ಮೊದಲಿಗರು ಅವರು. ಹೆಣ್ಣಿನ ಹಾಗಿಲ್ಲ ಅಂತ ಹಿಂದೆ ಸರಿಸಿದ್ದರಲ್ಲ, ಅದೇ ವ್ಯಕ್ತಿ.

ಅವರು ತಂದ ಕಾನೂನುಗಳಲ್ಲಿ ನನಗೆ ಬಹಳ ಇಷ್ಟವಾದದ್ದು 2002ರದ್ದು. ಹೊಸ ಮಗುವಿನ ಆರೈಕೆಗೆ, ಮನೆಯವರ ಕಾಯಿಲೆಗೆ ರಜೆ ಹಾಕುವ ಕೆಲಸಗಾರರಿಗೆ ಆರು ವಾರದವರೆಗೆ ಸಂಬಳದ ಒಂದು ಭಾಗ ಸಿಗುವ ವ್ಯವಸ್ಥೆ. ಅಮೆರಿಕದ ರಾಜ್ಯಗಳಲ್ಲಿ ಇದನ್ನು ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ. 2004ರಿಂದ ಜಾರಿಯಾಯಿತು. ಎಲ್ಲರಿಗೂ ಸರ್ಕಾರದಿಂದಲೇ ಆರೋಗ್ಯ ವಿಮೆ ಸಿಗಬೇಕು ಎಂಬ ಅವರ ಮಸೂದೆ ಎರಡು ಸಲ ಸದನದಲ್ಲಿ ಪಾಸಾಯಿತು. 2006ರಲ್ಲಿ ಒಮ್ಮೆ, 2008ರಲ್ಲಿ ಒಮ್ಮೆ. ಎರಡು ಸಲವೂ ಸಹಿ ಹಾಕಲು ಒಪ್ಪದ ರಾಜ್ಯಪಾಲರು ಇನ್ನೊಬ್ಬ ನಟ, ಅರ್ನಾಲ್ಡ್ ಶ್ವಾರ್ಜ್‌ನೆಗರ್. 2014ರಿಂದ 2022ರವರೆಗೆ ಶೀಲಾ ಲಾಸ್ ಏಂಜಲಿಸ್ ಕೌಂಟಿಯ ಆಡಳಿತ ಮಂಡಳಿಯಲ್ಲಿದ್ದರು. ಅಲ್ಲಿಂದ ಕೆಳಗಿಳಿದಾಗ ವಯಸ್ಸು 80 ದಾಟಿತ್ತು. ಲೆಕ್ಕ ಹಾಕಿ ನೋಡಿ. ನಟನೆಯ ವರ್ಷಗಳಿಗಿಂತ ಕಾನೂನಿನ ವರ್ಷಗಳೇ ಎಷ್ಟೋ ಜಾಸ್ತಿ.

ನೀವೂ ಶಾಸಕಿಯಾಗುತ್ತೀರಿ ಎಂದು ನಾನು ಹೇಳುತ್ತಿಲ್ಲ. 34 ಎಂದರೆ ಮುಂದೆ ಇನ್ನೂ ಮೂವತ್ತು ವರ್ಷದ ಕೆಲಸ ಇದೆ ಎಂದು ಅಮ್ಮನಿಗೆ ಹೇಳಿ, ಅಷ್ಟೇ. ಚಿಕ್ಕಮ್ಮನ ಪಾತ್ರ ಆದಮೇಲೆ ಅಜ್ಜಿಯ ಪಾತ್ರಕ್ಕೆ ಕರೆಯುವವರೆಗೆ ನಟಿಯ ಫೋನು ಎಷ್ಟು ವರ್ಷ ಸುಮ್ಮನಿರುತ್ತದೆ ಎನ್ನುವುದು ನಿಮಗೇ ಗೊತ್ತು. ಕೋರ್ಟಿನಲ್ಲಿ ಐವತ್ತು ದಾಟಿದ ವಕೀಲೆಯ ಮಾತಿಗೆ ತೂಕ ಬರುತ್ತದೆ. ತಲೆಗೂದಲು ಬೆಳ್ಳಗಾದರೆ ಇಲ್ಲಿ ನಷ್ಟವಿಲ್ಲ.

‘ನನ್ನ ಮಾತಿಗೆ ಬೆಲೆ ಇರುತ್ತಾ’ ಅಂದಿರಿ. ಮೊದಲ ಕೆಲವು ತಿಂಗಳು ಗುರುತು ಹಿಡಿಯುತ್ತಾರೆ. ಬೆಂಚ್ ಕ್ಲರ್ಕ್ ‘ನೀವು ಆ ಸೀರಿಯಲ್‌ನವರಲ್ವಾ’ ಅಂತಾರೆ. ಕಕ್ಷಿದಾರರು ಮೊಬೈಲ್ ತೆಗೆಯುತ್ತಾರೆ. ಅದು ಹಳತಾಗುತ್ತದೆ. ಬೆಲೆ ಬರುವುದು ಫೈಲು ಓದಿಕೊಂಡು ಬಂದಿದ್ದೀರಾ ಇಲ್ವಾ ಎಂಬುದರಿಂದ. ಜಡ್ಜು ‘ಯಾವ ಪುಟ’ ಅಂದಾಗ ಪುಟ ಸಂಖ್ಯೆ ಬಾಯಲ್ಲಿ ಇರಬೇಕು. ಇಲ್ಲಿ ಹಿಂದಿನಿಂದ ಸಾಲು ಹೇಳಿಕೊಡುವವರು ಯಾರೂ ಇರುವುದಿಲ್ಲ, ಎರಡನೇ ಟೇಕೂ ಇರುವುದಿಲ್ಲ.

ಆದರೆ ಸೆಟ್ಟಿನಲ್ಲಿ ಕಲಿತ ಒಂದು ವಿದ್ಯೆ ನಿಮಗೆ ಕೋರ್ಟಿನಲ್ಲಿ ಚೆನ್ನಾಗಿ ಒದಗುತ್ತದೆ. ಕಂಟಿನ್ಯೂಟಿ. ಹಿಂದಿನ ಶಾಟ್‌ನಲ್ಲಿ ಎಡಗೈಯಲ್ಲಿ ಎಷ್ಟು ಬಳೆ ಇತ್ತು, ಸೆರಗು ಯಾವ ಹೆಗಲ ಮೇಲಿತ್ತು, ಲೋಟ ಅರ್ಧ ಖಾಲಿಯಾಗಿತ್ತಾ ಎಂದು ನೆನಪಿಡುವ ಕಣ್ಣು. ಪಾಟಿ ಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ, ಬೇಕಾದದ್ದು ಅದೇ ಕಣ್ಣು. ಸಾಕ್ಷಿ ಪೊಲೀಸರ ಮುಂದೆ ಒಂದು ಮಾತು ಹೇಳಿರುತ್ತಾನೆ. ಮುಖ್ಯ ವಿಚಾರಣೆಯಲ್ಲಿ ಇನ್ನೊಂದು ಹೇಳುತ್ತಾನೆ. ಅಲ್ಲಿ ‘ಸಂಜೆ’ ಅಂದವನು ಇಲ್ಲಿ ‘ಕತ್ತಲಾಗಿತ್ತು, ಲೈಟ್ ಹಾಕಿದ್ದೆ’ ಅನ್ನುತ್ತಾನೆ. ಅಲ್ಲಿ ಬಾಗಿಲು ತೆರೆದಿತ್ತು, ಇಲ್ಲಿ ಚಿಲಕ ಹಾಕಿತ್ತು. ಇಡೀ ಕೇಸು ಕೆಲವು ಸಲ ಆ ಚಿಲಕದ ಮೇಲೆ ನಿಲ್ಲುತ್ತದೆ. ಹೊಸ ಜೂನಿಯರ್‌ಗಳಿಗೆ ಇದನ್ನು ಹಿಡಿಯುವುದಕ್ಕೆ ವರ್ಷಗಳು ಬೇಕು. ನಿಮ್ಮ ಕಣ್ಣು ಆಗಲೇ ಪಳಗಿದೆ. ಸಾಕ್ಷಿಯ ಮುಖದಲ್ಲಿ ಮಾತಿಗೆ ಮುಂಚೆ ಬರುವ ತಡವರಿಕೆಯನ್ನೂ ನೀವು ಗುರುತಿಸುತ್ತೀರಿ.

ಇನ್ನು ಕಷ್ಟದ ಭಾಗ. ಎಲ್‌ಎಲ್‌ಬಿಯನ್ನು ಮನೆಯಲ್ಲೇ ಕೂತು ಅಂಚೆ ಶಿಕ್ಷಣದಲ್ಲಿ ಮಾಡಿದರೆ ವಕೀಲಿಕೆಗೆ ನಡೆಯುವುದಿಲ್ಲ. ಕಾಲೇಜಿಗೆ ಹೋಗಲೇಬೇಕು. ಪ್ರತಿ ವಿಷಯದಲ್ಲೂ ಶೇ. 70 ಹಾಜರಿ ಬೇಕು. ತೀರಾ ವಿಶೇಷ ಕಾರಣವಿದ್ದರೆ 65ಕ್ಕೆ ಇಳಿಸಬಹುದು. ಬೆಳಗ್ಗೆ ಏಳಕ್ಕೆ ಕಾಲ್‌ಶೀಟ್, ರಾತ್ರಿ ಹತ್ತಕ್ಕೆ ಪ್ಯಾಕಪ್ ಅನ್ನುವ ದಿನಚರಿಯ ಜೊತೆ ಇದು ಹೊಂದುವುದಿಲ್ಲ. ‘ಹಾಜರಿ ನಾವು ನೋಡ್ಕೋತೀವಿ ಮೇಡಂ, ನೀವು ಪರೀಕ್ಷೆಗೆ ಬನ್ನಿ ಸಾಕು’ ಎನ್ನುವವರು ಸಿಗುತ್ತಾರೆ. ಅಂಥ ಕಡೆ ಖಂಡಿತ ಸೇರಬೇಡಿ. ನಾಳೆ ಕಾನೂನು ಕಾಪಾಡುತ್ತೇನೆಂದು ನಿಲ್ಲುವವರ ಮೊದಲ ಕಾಗದವೇ ಸುಳ್ಳಾಗಬಾರದು. ವಾರದಲ್ಲಿ ಎರಡು ಮೂರು ದಿನದ ಪಾತ್ರ, ಡಬ್ಬಿಂಗ್ ಕೆಲಸ, ರಜೆಯಲ್ಲಿ ಶೂಟಿಂಗ್, ಇಷ್ಟಕ್ಕೆ ಒಪ್ಪುವ ಯೂನಿಟ್ ನೋಡಿಕೊಳ್ಳಿ.

ಓದು ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಮೊದಲೆಲ್ಲ ಇದಕ್ಕೆ ಸಾವಿರಗಟ್ಟಲೆ ವಸೂಲಿ ಇತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು. ಕಾಯ್ದೆಯಲ್ಲಿ ಇರುವುದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳುವಂತಿಲ್ಲ ಎಂದು. ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೂರು ಪ್ರಶ್ನೆ. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು. ಹೆದರುವಂಥದ್ದಲ್ಲ.

ಹೆದರಬೇಕಾದದ್ದು ದುಡ್ಡಿಗೆ. ಜೂನಿಯರ್ ಆಗಿ ಮೊದಲ ವರ್ಷಗಳಲ್ಲಿ ಕೈಗೆ ಬರುವುದು ನಿಮ್ಮ ಕೆಲವೇ ದಿನದ ಪೇಮೆಂಟಿಗೆ ಸಮ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ಕೊಡಿ ಎಂದು ಸುತ್ತೋಲೆ ಕಳಿಸಿತು. ಅದು ಸಲಹೆ ಅಷ್ಟೇ, ಕಡ್ಡಾಯವಲ್ಲ. ಎಷ್ಟೋ ಆಫೀಸುಗಳಲ್ಲಿ ಅದೂ ಸಿಗುವುದಿಲ್ಲ. ಇದು ನಮ್ಮ ವೃತ್ತಿಗೆ ನಾಚಿಕೆಯ ಸಂಗತಿ. ಬಡವರ ಮನೆಯ ಹೆಣ್ಣುಮಕ್ಕಳು ಎರಡನೇ ವರ್ಷಕ್ಕೇ ಕೋರ್ಟು ಬಿಡುವುದು ಇದರಿಂದಲೇ. ಆದ್ದರಿಂದ ಐದು ವರ್ಷದ ಮನೆಖರ್ಚಿನ ಲೆಕ್ಕ ಹಾಕಿ, ಆಮೇಲೆ ಹೆಜ್ಜೆ ಇಡಿ. ಮೂರು ಓದಿಗೆ, ಎರಡು ಕೋರ್ಟಿಗೆ.

ಪ್ರಶ್ನೆ: ವಕೀಲರಾದ ಮೇಲೂ ಸಿನಿಮಾದಲ್ಲಿ ನಟಿಸಬಹುದಾ? ಮಲಯಾಳಂನಲ್ಲಿ ಕೆಲವರು ಎರಡೂ ಮಾಡುತ್ತಾರಲ್ಲ? ನನ್ನ ತಂಗಿ ರಂಗಭೂಮಿ ಕಲಾವಿದೆ, ಈಗ ಕೊನೇ ವರ್ಷದ ಎಲ್‌ಎಲ್‌ಬಿ. ರೀಲ್ಸ್ ಕೂಡ ಮಾಡುತ್ತಾಳೆ.
(ಓದುಗ, ಮೈಸೂರು)

ಉತ್ತರ: ಕೇರಳದ ಉದಾಹರಣೆ ನಿಜ. ಶಾಂತಿ ಮಾಯಾದೇವಿ ಅಲ್ಲಿ ವಕೀಲೆ. 2021ರ ‘ದೃಶ್ಯಂ 2’ರಲ್ಲಿ ವಕೀಲೆಯಾಗಿಯೇ ನಟಿಸಿದರು. 2023ರ ‘ನೇರು’ ಚಿತ್ರದ ಕತೆ-ಚಿತ್ರಕತೆಯನ್ನು ನಿರ್ದೇಶಕ ಜೀತು ಜೋಸೆಫ್ ಜೊತೆ ಬರೆದರು. ಆ ಚಿತ್ರದ ಹೆಚ್ಚಿನ ಭಾಗ ನಡೆಯುವುದೇ ಕೋರ್ಟಿನಲ್ಲಿ. ನಟಿ ಮುತ್ತುಮಣಿ ಕೂಡ ಕಾನೂನು ಓದಿದವರೇ.

ನಿಯಮ ಹೀಗಿದೆ. ಸನ್ನದು ಇರುವವರು ಪೂರ್ಣಾವಧಿಯ ಸಂಬಳದ ನೌಕರಿ ಮಾಡುವಂತಿಲ್ಲ. ತಾವೇ ವ್ಯಾಪಾರ ನಡೆಸುವಂತಿಲ್ಲ. ಅಂದರೆ ನಿಮ್ಮ ತಂಗಿ ನಿರ್ಮಾಣ ಸಂಸ್ಥೆ ಹಾಕಿಕೊಂಡು ಸಿನಿಮಾ ವ್ಯಾಪಾರಕ್ಕೆ ಇಳಿಯಲಾಗದು. ಪ್ರಸಾರ, ಪತ್ರಿಕೆ, ಪಾಠ ಇವಕ್ಕೆ ಅವಕಾಶ ಇದೆ. ಬೇರೆ ಅರೆಕಾಲಿಕ ಕೆಲಸವನ್ನು ರಾಜ್ಯ ಪರಿಷತ್ತಿನ ಒಪ್ಪಿಗೆ ಪಡೆದು ಮಾಡಬಹುದು. ಆದರೆ ಅದು ವಕೀಲಿಕೆಗೆ ಅಡ್ಡ ಬರಬಾರದು, ವೃತ್ತಿಯ ಘನತೆಗೆ ಕುಂದು ತರಬಾರದು. ವೈದ್ಯರೊಬ್ಬರು ಡಾಕ್ಟರಿಕೆಯ ಜೊತೆಗೇ ವಕೀಲಿಕೆ ಮಾಡುತ್ತೇನೆ ಎಂದು ಹೋದಾಗ 1996ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಕೀಲಿಕೆ ಪೂರ್ತಿ ಸಮಯ ಕೇಳುತ್ತದೆ ಎನ್ನುವುದು ಅದರ ತಿರುಳು. ವರ್ಷಕ್ಕೊಂದು ನಾಟಕ, ಒಂದು ಪಾತ್ರ ಎಂದರೆ ಬೇರೆ ಮಾತು. ದಿನಾ ಬರುವ ಧಾರಾವಾಹಿ ಒಪ್ಪಿಕೊಂಡರೆ ಕಕ್ಷಿದಾರರ ಗತಿ ಏನು? ಪರಿಷತ್ತಿಗೆ ಬರೆದು ಒಪ್ಪಿಗೆ ಕೇಳಲಿ. ದೊಡ್ಡ ಪಾತ್ರ ಬಂದರೆ ಸನ್ನದನ್ನು ಕೆಲಕಾಲ ತಾವಾಗಿ ಅಮಾನತಿನಲ್ಲಿ ಇಡುವ ದಾರಿಯೂ ಇದೆ.

ರೀಲ್ಸ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ತಮ್ಮ ಕೆಲಸವನ್ನು ಜಾಹೀರಾತು ಮಾಡಿಕೊಳ್ಳುವಂತಿಲ್ಲ. ತಾವು ನಡೆಸುತ್ತಿರುವ ಕೇಸಿನ ಸಂಬಂಧ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳುವುದೂ ತಪ್ಪು. ಕಲಾವಿದೆಗೆ ಜನರ ಕಣ್ಣಿಗೆ ಬೀಳುವುದೇ ಬದುಕು. ವಕೀಲೆಗೆ ಅದೇ ಮಾತು ಅಡ್ಡಿ. ಕಾನೂನಿನ ತಿಳಿವಳಿಕೆ ಕೊಡುವ ವಿಡಿಯೋ ಮಾಡಲಿ, ಜನಕ್ಕೆ ಉಪಕಾರವಾಗುತ್ತದೆ. ಬ್ಯಾಂಡ್, ಗೌನ್ ಹಾಕಿಕೊಂಡು ಹಿನ್ನೆಲೆ ಸಂಗೀತದ ಜೊತೆ ಕೋರ್ಟಿನ ಮೆಟ್ಟಿಲು ಇಳಿಯುವುದು ಬೇಡ. ತಂಗಿಗೆ ಇದನ್ನು ಸನ್ನದು ಬರುವ ಮುಂಚೆಯೇ ಹೇಳಿ. ಹಳೆಯ ವಿಡಿಯೋಗಳಲ್ಲಿ ‘ಕೇಸ್ ಇದ್ದರೆ ಸಂಪರ್ಕಿಸಿ’ ಎಂಬ ಮಾತು ಇದ್ದರೆ ತೆಗೆಸಿಬಿಡಿ.

ಪ್ರಶ್ನೆ: ‘ಚಿತ್ರಂ’ ಸಿನಿಮಾದಲ್ಲಿ ಮೋಹನ್‌ಲಾಲ್ ಜೊತೆ ನಟಿಸಿದ ರಂಜಿನಿ ಈಗ ಲಾಯರಂತೆ, ಹೌದಾ? ಹೇಮಾ ಸಮಿತಿ ವರದಿ ತಡೆಯಲು ಅವರೇ ಕೋರ್ಟಿಗೆ ಹೋಗಿದ್ದರು ಎಂದು ಓದಿ ಬೇಜಾರಾಯಿತು.
(ಓದುಗರು, ಕಾಸರಗೋಡು)

ಉತ್ತರ: ಹೌದು, ಅವರು ಕಾನೂನು ಓದಿದವರು. 1985ರಲ್ಲಿ ಭಾರತಿರಾಜ ಅವರ ತಮಿಳು ಚಿತ್ರ ‘ಮುದಲ್ ಮರಿಯಾದೈ’ಯಿಂದ ಶುರು ಮಾಡಿದರು. ನಮ್ಮ ಅನಂತ್ ನಾಗ್ ಮಹಾರಾಜರಾಗಿದ್ದ 1987ರ ‘ಸ್ವಾತಿ ತಿರುನಾಳ್’ನಲ್ಲೂ ಇದ್ದಾರೆ. ಮರುವರ್ಷ ‘ಚಿತ್ರಂ’ ಬಂತು. ಆಮೇಲೆ ತೆರೆಯಿಂದ ದೂರವಾಗಿ ಬೇರೆ ಬದುಕು ಕಟ್ಟಿಕೊಂಡರು.

ಆದರೆ ಬೇಜಾರಾಗುವ ಮುಂಚೆ ಅವರು ಕೇಳಿದ್ದೇನು ಎಂದು ನೋಡಿ. 2017ರಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರ ಮೇಲೆ ಹಲ್ಲೆ ನಡೆದ ಮೇಲೆ ಕೇರಳ ಸರ್ಕಾರ ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ತಿಳಿಯಲು ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ ಅವರ ಸಮಿತಿ ಮಾಡಿತು. ಹಿರಿಯ ನಟಿ ಶಾರದಾ ಅದರ ಸದಸ್ಯೆ. 2019ರ ಡಿಸೆಂಬರ್ ಕೊನೆಗೆ ವರದಿ ಸರ್ಕಾರದ ಕೈ ಸೇರಿತು. ನಾಲ್ಕೂವರೆ ವರ್ಷ ಅದು ಬೆಳಕು ಕಾಣಲಿಲ್ಲ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ಹೆಣ್ಣುಮಕ್ಕಳು ಆ ಸಮಿತಿಯ ಮುಂದೆ ಬಾಯಿ ಬಿಟ್ಟಿದ್ದರು. ಅವರಲ್ಲಿ ರಂಜಿನಿಯೂ ಒಬ್ಬರು. ನಾವು ಕೊಟ್ಟ ಹೇಳಿಕೆ ಯಾವ ರೂಪದಲ್ಲಿ ಹೊರಗೆ ಹೋಗುತ್ತದೆ ಎಂದು ನಮಗೆ ಮೊದಲು ತೋರಿಸಿ ಎನ್ನುವುದು ಅವರ ವಾದ. ಕೇರಳ ಹೈಕೋರ್ಟಿನಲ್ಲಿ ತಡೆ ಸಿಗಲಿಲ್ಲ. 2024ರ ಆಗಸ್ಟ್ 19ರಂದು ಕೆಲವು ಭಾಗ ತೆಗೆದು ವರದಿಯನ್ನು ಹೊರಗೆ ಬಿಟ್ಟರು.

ವರದಿ ಹೊರಬಂದದ್ದು ಒಳ್ಳೆಯದೇ ಆಯಿತು. ಇನ್ನೂ ಎಷ್ಟೋ ಮೊದಲೇ ಬರಬೇಕಿತ್ತು. ಆದರೆ ಹೇಳಿಕೆ ಕೊಟ್ಟವಳಿಗೆ ಆ ಪ್ರಶ್ನೆ ಕೇಳುವ ಹಕ್ಕಿತ್ತು ಎಂದೇ ನನ್ನ ನಂಬಿಕೆ. ನನ್ನ ಆಫೀಸಿಗೆ ಬಂದು ಕಷ್ಟ ಹೇಳಿಕೊಳ್ಳುವ ಹೆಂಗಸರು ಕೊನೆಗೆ ಕೇಳುವುದೂ ಅದನ್ನೇ. ‘ಇದು ಯಾರಿಗೂ ಗೊತ್ತಾಗಲ್ಲ ಅಲ್ವಾ ಮೇಡಂ?’ ತಡೆ ಕೇಳಿದ ಮಾತ್ರಕ್ಕೆ ಒಬ್ಬರನ್ನು ಆರೋಪಿಗಳ ಪಕ್ಷಕ್ಕೆ ಸೇರಿಸುವುದು ಅನ್ಯಾಯ.

ಇದೇ ವಿಷಯದಲ್ಲಿ ಇನ್ನೊಂದು ಮಾತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಇದು 2013ರ ಕಾಯ್ದೆ. ಶೂಟಿಂಗ್ ಯೂನಿಟ್ಟಿಗೂ ಅದು ಅನ್ವಯಿಸುತ್ತದೆ ಎಂದು 2022ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್ ಹೇಳಿತು. ಕೋರ್ಟಿಗೆ ಹೋಗಿದ್ದು ಅಲ್ಲಿನ ಸಿನಿಮಾ ಹೆಣ್ಣುಮಕ್ಕಳ ಸಂಘಟನೆ. ನಮ್ಮಲ್ಲೂ 2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಚಿತ್ರರಂಗದವರ ‘ಫೈರ್’ ಸಂಸ್ಥೆಯವರು ಹೇಮಾ ಸಮಿತಿಯಂಥದ್ದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ನೀವು ಯಾವುದೇ ಸೆಟ್ಟಿನಲ್ಲಿ ಕೆಲಸ ಮಾಡುತ್ತಿದ್ದರೂ, ಸಮಿತಿಯಲ್ಲಿ ಯಾರಿದ್ದಾರೆ, ಅವರ ಫೋನ್ ನಂಬರ್ ಏನು ಎಂದು ಮೊದಲ ದಿನವೇ ಕೇಳಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ವಕೀಲ. ಕೆಲವು ಚಿತ್ರಗಳಲ್ಲಿ ನಟಿಸಿದ ಒಬ್ಬರು ಜೂನಿಯರ್ ಆಗಿ ಸೇರಲು ಕೇಳಿದ್ದಾರೆ. ಆಫೀಸಿನಲ್ಲಿ ಜನ ಸೇರಿ ಕೆಲಸ ಕೆಡುತ್ತದೇನೋ ಎಂಬ ಅಳುಕು. ಏನು ಮಾಡಲಿ?

ಉತ್ತರ: ಸೇರಿಸಿಕೊಳ್ಳಿ ಸರ್. ಜನ ಎರಡು ವಾರ ಇಣುಕಿ ನೋಡುತ್ತಾರೆ, ಆಮೇಲೆ ಅವರವರ ವಾಯಿದೆಯ ಚಿಂತೆ ಅವರವರಿಗೆ. ಆಫೀಸಿನಲ್ಲಿ ಫೋಟೋ ಬೇಡ ಎಂದು ಒಂದು ಚೀಟಿ ಅಂಟಿಸಿ. ಹೊಸ ಕಕ್ಷಿದಾರರನ್ನು ಸೆಳೆಯಲು ಆಕೆಯ ಹೆಸರು ಬಳಸಬೇಡಿ, ಅದು ನಿಮ್ಮ ಸನ್ನದಿಗೇ ತೊಂದರೆ.

ಉಳಿದ ಜೂನಿಯರ್‌ಗಳಿಗೆ ಏನು ಕೊಡುತ್ತೀರೋ ಅದನ್ನೇ ಕೊಡಿ. ಕಾಸ್ ಲಿಸ್ಟ್ (ಅವತ್ತಿನ ಕೇಸುಗಳ ಪಟ್ಟಿ) ನೋಡಿ ಡೈರಿ ಬರೆಯಲಿ. ನಕಲು ಅರ್ಜಿ ಹಾಕಲಿ. ವಾಯಿದೆ ಕೇಳಲು ನಿಲ್ಲಲಿ. ಆಮೇಲೆ ಸಾಕ್ಷಿಗಳನ್ನು ತಯಾರು ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಟಕಟೆ ಹತ್ತಲು ನಡುಗುವ ಹಳ್ಳಿಯ ಹೆಣ್ಣುಮಗಳಿಗೆ ‘ಉಸಿರು ತೆಗೆದುಕೋ ಅಮ್ಮಾ, ಕೇಳಿದ್ದಕ್ಕೆ ಮಾತ್ರ ಹೇಳು, ಜಡ್ಜ್ ಕಡೆ ನೋಡಿ ಹೇಳು’ ಎಂದು ಧೈರ್ಯ ತುಂಬುವುದು ಕ್ಯಾಮೆರಾ ಮುಂದೆ ಮೊದಲ ದಿನ ನಡುಗಿದವರಿಗೆ ಚೆನ್ನಾಗಿ ಬರುತ್ತದೆ. ಏನು ಹೇಳಬೇಕು ಎಂದು ಮಾತ್ರ ಕಲಿಸಿಕೊಡಬಾರದು. ಆ ಗೆರೆಯನ್ನು ಆಕೆಗೆ ಮೊದಲ ದಿನವೇ ತೋರಿಸಿ. ತಿಂಗಳ ದುಡ್ಡನ್ನು ತಾರೀಖಿಗೆ ಸರಿಯಾಗಿ ಕೊಡಿ. ಸಿನಿಮಾದವರಲ್ವಾ, ಇದ್ದೀತು ಎಂದುಕೊಳ್ಳಬೇಡಿ. ಹೆಚ್ಚಿನವರ ಹತ್ತಿರ ಇರುವುದಿಲ್ಲ.

ಪ್ರಶ್ನೆ: ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲೇ ಕಾನೂನು ಓದಿ ವಕೀಲೆಯಾಗಬಹುದಾ?
(ಹವ್ಯಾಸಿ ನಾಟಕ ಕಲಾವಿದೆ, ರಾಯಚೂರು)

ಉತ್ತರ: ಆಗಬಹುದು. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯಬಹುದು. ಅಖಿಲ ಭಾರತ ವಕೀಲರ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿ ವಿಚಾರಣೆ ನಡೆಯುವುದು ಕನ್ನಡದಲ್ಲೇ. ನಾಟಕದಲ್ಲಿ ಪಳಗಿದ ನಿಮ್ಮ ಉಚ್ಚಾರ, ದನಿ ಅಲ್ಲಿ ದೊಡ್ಡ ಬಲ. ಹೈಕೋರ್ಟಿನ ಭಾಷೆ ಇಂಗ್ಲಿಷ್. ಮೇಲಿನ ಕೋರ್ಟುಗಳ ತೀರ್ಪು ಓದುವುದಕ್ಕಾದರೂ ಇಂಗ್ಲಿಷ್ ಬೇಕು. ಅದಕ್ಕೆ ಇವತ್ತಿನಿಂದಲೇ ಒಂದು ಕೆಲಸ ಮಾಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಕನ್ನಡ ಪುಸ್ತಕ ಒಂದು, ಇಂಗ್ಲಿಷ್ ಪುಸ್ತಕ ಒಂದು ತೆಗೆದುಕೊಳ್ಳಿ. ದಿನಕ್ಕೆ ಒಂದೇ ಒಂದು ಕಲಂ, ಎರಡೂ ಪುಸ್ತಕದಲ್ಲಿ ಗಟ್ಟಿಯಾಗಿ ಓದಿ. ಸಂಭಾಷಣೆ ಬಾಯಿಪಾಠ ಮಾಡುತ್ತೀರಲ್ಲ, ಹಾಗೇ.